‘ಡಯಾಗ್ರಂ’ ಎಂಬ ಮಾತು: ಅದರ ಅರ್ಥ, ಅದರ ಉಪಯೋಗ



ಈ ಹೊತ್ತಿನ ಭಾಷಣಕ್ಕೆ ನಾವು ಆರಿಸಿಕೊಂಡಿರುವುದು ಒಂದೇ ಒಂದು ಇಂಗ್ಲಿಷು ಮಾತು. ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರ ಬಾಯಲ್ಲಿಯೂ ಆ ಮಾತು ಉಂಟು. ಹೃದಯದ ಡಯಾಗ್ರಂ ಬರೆದು ಅದರ ಭಾಗಗಳನ್ನು ಗುರುತಿಸಬೇಕೆಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕಂಡು ಬೆವರದ ವಿದ್ಯಾರ್ಥಿ ಅಪೂರ್ವ. ಮನೆಗೆ ವಿದ್ಯುತ್ತಿನ ತಂತಿ ಎಳೆಯುವ ಮೇಸ್ತ್ರಿಯೂ, ಮನೆ ಕಟ್ಟಿಸುವ ಯಜಮಾನನೂ, ಹೊಲಿಗೆಯ ಯಂತ್ರವನ್ನು ಕೊಂಡು ತಂದ ಗೃಹಿಣಿಯೂ ಒಂದಲ್ಲ ಒಂದು ಡಯಾಗ್ರಮ್ಮಿನ ಮುಂದೆ ಕುಳಿತು ತಲೆ ಕೆರೆದುಕೊಂಡವರೇ. ಆದರೂ, ‘ಡಯಾಗ್ರಂ ಎಂದರೇನು? ಅದಕ್ಕೂ ಚಿತ್ರಕ್ಕೂ ಭೇದವೇನು?’ ಎಂದು ಯಾರಾದರೂ ಕೇಳಿದರೆ ಉತ್ತರ ಥಟ್ಟನೆ ಹೊರಡುವುದಿಲ್ಲ. ಆ ಉತ್ತರವನ್ನು ಹುಡುಕುವುದೇ ಇಂದಿನ ನಮ್ಮ ಕೆಲಸ.

ನಮ್ಮ ಸಂಕಟವೊಂದನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇವೆ. ಕಣ್ಣಿಗೆ ಸಂಬಂಧಪಟ್ಟ ವಿಷಯವನ್ನು ಕಿವಿಯ ದಾರಿಯಲ್ಲಿ ಕಳುಹಿಸಬೇಕಾಗಿದೆ. ಗೆರೆಯ ಮಹಿಮೆಯನ್ನು ಒಂದು ಗೆರೆಯನ್ನೂ ಎಳೆಯದೆ ಹೇಳಬೇಕಾಗಿದೆ. ಆದುದರಿಂದ ಕೇಳುವವರು ಕೈಗೆಟುಕುವಂತೆ ಒಂದು ಸೀಸದಕಡ್ಡಿಯನ್ನೂ ಒಂದು ಹಾಳೆಯನ್ನೂ ಇಟ್ಟುಕೊಂಡರೆ ಉಪಕಾರ. ಅವು ದೊರೆಯದಿದ್ದರೆ ಒಂದು ಹಿಡಿ ಹುಣಿಸೆಬೀಜವಾದರೂ ಸಾಕು. ಅದೇಕೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ತಿಳಿಯುತ್ತದೆ.

ಮೊದಲು ಮಾತಿನ ಹುಟ್ಟನ್ನು ನೋಡೋಣ. ‘ಡಯಾಗ್ರಂ’ ಇಂಗ್ಲಿಷರ ಮನೆಯಲ್ಲಿ ಹುಟ್ಟಿದ ಮಾತಲ್ಲ, ಅದು ಗ್ರೀಕರದು. ಗ್ರೀಕ್ ಭಾಷೆಯಲ್ಲಿ ‘ಡಿಯಾ’ ಎಂಬುದಕ್ಕೆ ‘ಮೂಲಕ’, ‘ಅಡ್ಡಲಾಗಿ’ ಎಂಬ ಅರ್ಥಗಳಿವೆ. ‘ಗ್ರಾಫೈನ್’ ಎಂದರೆ ಬರೆಯುವುದು. ಎರಡೂ ಕೂಡಿ, ಗೆರೆಗಳಿಂದ ಗುರುತು ಮಾಡಿ ಬಿಡಿಸಿಟ್ಟದ್ದು ‘ಡಿಯಾಗ್ರಮ್ಮ’ ಎನಿಸಿತು. ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳ ದಾರಿ ಹಿಡಿದು ಬಂದು, ಹದಿನೇಳನೆಯ ಶತಮಾನದಲ್ಲಿ ಅದು ಇಂಗ್ಲಿಷಿನಲ್ಲಿ ನೆಲೆಸಿತು. ನಮಗೆ ಬಳಕೆಯಾದ ಟೆಲಿಗ್ರಾಂ, ಗ್ರಾಮಫೋನು, ಫೋಟೋಗ್ರಾಫು ಇವೆಲ್ಲವೂ ಅದೇ ಮನೆತನಕ್ಕೆ ಸೇರಿದುವು.

ಇಲ್ಲಿ ಕನ್ನಡಿಗರು ಸಂತೋಷಪಡುವ ಸಂಗತಿಯೊಂದುಂಟು. ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಅಕ್ಷರಕ್ಕೂ ಆಕಾರಕ್ಕೂ ನಮ್ಮಲ್ಲಿ ‘ಬರೆ’ ಎಂಬುದು ಒಂದೇ ಧಾತು. ಇಂಗ್ಲಿಷರಿಗೆ ಇವೆರಡಕ್ಕೂ ಬೇರೆ ಬೇರೆ ಕ್ರಿಯಾಪದಗಳು ಬೇಕು. ಗ್ರೀಕರಿಗಾದರೋ ನಮ್ಮಂತೆಯೇ ಒಂದು ಸಾಕಾಗಿತ್ತು. ಸಂಸ್ಕೃತದ ‘ಲಿಖ್’ ಎಂಬ ಧಾತುವೂ ಗೀರುವುದು, ಚಿತ್ರಿಸುವುದು, ಬರೆಯುವುದು ಎಂಬ ಮೂರು ಅರ್ಥಗಳನ್ನೂ ಹೊತ್ತಿದೆ. ಆದಕಾರಣ, ಡಯಾಗ್ರಂ ಎಂಬುದು ಓದತಕ್ಕ ಚಿತ್ರ, ಅರ್ಥಾತ್ ಬರಹಕ್ಕೂ ಚಿತ್ರಕ್ಕೂ ನಡುವೆ ನಿಂತದ್ದು ಎಂಬ ಭಾವನೆ ನಮಗೆ ಹೊಸದಾಗಿ ತೋರಬೇಕಾದುದಿಲ್ಲ.

ಇದರ ನೆಂಟರಾದ ಇನ್ನು ಮೂರು ಮಾತುಗಳನ್ನು ಪರಿಚಯಮಾಡಿಕೊಂಡು ಮುಂದೆ ಹೋಗೋಣ. ಪುಸ್ತಕದ ಕಥೆಯ ನಡುವೆ ಬರುವ ಚಿತ್ರಕ್ಕೆ ‘ಇಲ್ಲಸ್ಟ್ರೇಷನ್’ ಎನ್ನುತ್ತಾರೆ. ಅದರ ಮೂಲಾರ್ಥ ಬೆಳಕು ಬೀರುವುದು. ‘ಚಾರ್ಟ್’ ಎಂಬುದು ಕಾಗದವೆಂಬ ಅರ್ಥದ ಮಾತಿನಿಂದ ಬಂದದ್ದು. ‘ಮ್ಯಾಪ್’ ಎಂಬುದರ ಮೂಲ ‘ಮಪ್ಪ’ ಎಂಬ ಲ್ಯಾಟಿನ್ ಶಬ್ದ. ಅದಕ್ಕೆ ಬಟ್ಟೆಯೆಂದು ಅರ್ಥ. ನಾವು ಅದನ್ನು ಭೂಪಟವೆನ್ನುತ್ತೇವೆ. ‘ಪಟ’ ಎಂದರೂ ಬಟ್ಟೆಯೇ ಅಲ್ಲವೆ? ಭೂಮಿಯ ಚಿತ್ರವನ್ನು ಬಟ್ಟೆಯ ಮೇಲೆ ಬರೆದು ಸುತ್ತಿಟ್ಟ ಪೂರ್ವಿಕರ ನೆನಪು ಎರಡು ಭಾಷೆಗಳಲ್ಲಿಯೂ ಹೀಗೆ ಉಳಿದುಬಂದಿದೆ.

ಇನ್ನು ಅರ್ಥದ ವಿಚಾರ. ಒಬ್ಬ ಚಿತ್ರಕಾರನು ಗಡಿಯಾರವೊಂದನ್ನು ಚಿತ್ರಿಸುತ್ತಾನೆ. ಗಾಜಿನ ಹೊಳಪು, ಚಿನ್ನದ ಅಂಚಿನ ಮೇಲೆ ಬಿದ್ದ ಕಿಟಕಿಯ ಬೆಳಕು, ಹಳೆಯ ಚರ್ಮದ ಪಟ್ಟಿಯ ಸುಕ್ಕು ಇವೆಲ್ಲ ಅಲ್ಲಿ ಮೂಡುತ್ತವೆ. ನೋಡಿದವರು ‘ಗಡಿಯಾರವೇ ಮುಂದಿದ್ದಂತಿದೆ’ ಎಂದು ತಲೆದೂಗುತ್ತಾರೆ. ಆದರೆ ಅದು ಏಕೆ ನಡೆಯುತ್ತದೆಂಬುದು ಆ ಚಿತ್ರದಿಂದ ತಿಳಿಯುವುದಿಲ್ಲ. ಗಡಿಯಾರ ರಿಪೇರಿ ಮಾಡುವವನು ಹರಕು ಕಾಗದದ ಮೇಲೆ ನಾಲ್ಕು ಚಕ್ರಗಳನ್ನು ಗೀಚಿ, ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚುವುದನ್ನು ಬಾಣದ ಗುರುತಿನಿಂದ ತೋರಿಸುತ್ತಾನೆ. ಅಲ್ಲಿ ಹೊಳಪಿಲ್ಲ, ಬಣ್ಣವಿಲ್ಲ, ಅಂದವೂ ಇಲ್ಲ. ಆದರೆ ಗಡಿಯಾರದ ಮರ್ಮ ಅಲ್ಲಿದೆ. ವಸ್ತುವು ಹೇಗೆ ಕಾಣುತ್ತದೆಂಬುದನ್ನು ತೋರಿಸುವುದು ಚಿತ್ರ; ಅದರ ಭಾಗಗಳು ಒಂದಕ್ಕೊಂದು ಹೇಗೆ ಸಂಬಂಧಪಟ್ಟಿವೆಯೆಂಬುದನ್ನು ತೋರಿಸುವುದು ಡಯಾಗ್ರಂ.

ಆದುದರಿಂದ ಡಯಾಗ್ರಂ ಬರೆಯುವವನ ಮೊದಲನೆಯ ವಿದ್ಯೆ ಬಿಡುವ ವಿದ್ಯೆ. ಸಂಬಂಧಕ್ಕೆ ಬೇಕಾದದ್ದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಟ್ಟುಬಿಡಬೇಕು. ಕೆಲವು ಕಡೆ ಬಿಡುವುದಷ್ಟೇ ಅಲ್ಲ, ಕಂಡದ್ದಕ್ಕೆ ವಿರುದ್ಧವಾಗಿಯೂ ಬರೆಯಬೇಕಾಗುತ್ತದೆ. ಶಾಲೆಯ ಗೋಡೆಯ ಮೇಲಣ ಹೃದಯದ ಪಟದಲ್ಲಿ ಅರ್ಧ ಕೆಂಪು, ಅರ್ಧ ನೀಲಿ ಇರುವುದನ್ನು ಎಲ್ಲರೂ ನೋಡಿದ್ದೇವೆ. ಮನುಷ್ಯನ ದೇಹದಲ್ಲಿ ನೀಲಿಯ ರಕ್ತವೆಂಬುದೇ ಇಲ್ಲ. ಆಮ್ಲಜನಕ ಕಡಮೆಯಾದ ರಕ್ತವೂ ಕಪ್ಪು ಬೆರೆತ ಕೆಂಪೇ. ಆದರೂ ಶ್ವಾಸಕೋಶಕ್ಕೆ ಹೋಗತಕ್ಕ ರಕ್ತ ಯಾವುದು, ಅಲ್ಲಿಂದ ಬಂದ ರಕ್ತ ಯಾವುದು ಎಂಬ ಭೇದ ತಿಳಿಯಲೆಂದು ನೀಲಿಯನ್ನು ಬಳಿಯುತ್ತಾರೆ. ಇದು ಸುಳ್ಳಲ್ಲ, ಬರೆದವನಿಗೂ ಓದುವವನಿಗೂ ನಡುವೆ ಆದ ಒಂದು ಒಪ್ಪಂದ. ಈ ಒಪ್ಪಂದವನ್ನು ಓದುವವನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರೆ ಡಯಾಗ್ರಂ ಸತ್ಯ. ಮರೆಮಾಚಿದರೆ ಅದೇ ಮೋಸ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದರ ಕೆಲಸವಿದೆ.

ಈಗ ಹುಣಿಸೆಬೀಜಗಳನ್ನು ತೆಗೆದುಕೊಳ್ಳಿ. ನೆಲದ ಮೇಲೆ ಒಂದು ಬೀಜವಿಡಿ. ಅದರ ಬಲಕ್ಕೊಂದು, ಕೆಳಕ್ಕೊಂದು, ಮೂಲೆಗೊಂದು, ಹೀಗೆ ಮೂರು ಬೀಜ ಸೇರಿಸಿ. ಎರಡು ಸಾಲು, ಸಾಲಿಗೆ ಎರಡರಂತೆ, ನಾಲ್ಕು ಬೀಜಗಳ ಚೌಕವಾಯಿತು. ಇದಕ್ಕೆ ಪುನಃ ಬಲಕ್ಕೆ ಎರಡು, ಕೆಳಕ್ಕೆ ಎರಡು, ಮೂಲೆಗೆ ಒಂದು, ಒಟ್ಟು ಐದು ಸೇರಿಸಿ. ಮೂರು ಸಾಲಿನ ಚೌಕ, ಒಂಬತ್ತು ಬೀಜ. ಇನ್ನೊಂದು ಸುತ್ತು: ಬಲಕ್ಕೆ ಮೂರು, ಕೆಳಕ್ಕೆ ಮೂರು, ಮೂಲೆಗೆ ಒಂದು, ಒಟ್ಟು ಏಳು. ನಾಲ್ಕು ಸಾಲಿನ ಚೌಕ, ಹದಿನಾರು ಬೀಜ. ಒಂದು, ಮೂರು, ಐದು, ಏಳು ಎಂದು ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿಸುತ್ತ ಹೋದರೆ ಪ್ರತಿ ಸಾರಿಯೂ ಒಂದು ವರ್ಗಸಂಖ್ಯೆ ದೊರೆಯುತ್ತದೆಂಬ ಗಣಿತದ ನಿಯಮ ನಿಮ್ಮ ಮುಂದೆ ನೆಲದ ಮೇಲೆ ಬಿದ್ದಿದೆ. ಬಿದ್ದಿರುವುದಷ್ಟೇ ಅಲ್ಲ, ಏಕೆ ಹಾಗೆಂಬುದೂ ಕಾಣುತ್ತಿದೆ. ಪ್ರತಿ ಸುತ್ತಿನಲ್ಲಿಯೂ ಬಲತೋಳು ಒಂದು ಬೀಜ ಬೆಳೆಯುತ್ತದೆ, ಕೆಳತೋಳು ಒಂದು ಬೀಜ ಬೆಳೆಯುತ್ತದೆ, ಮೂಲೆ ಮಾತ್ರ ಒಂದೇ. ಆದುದರಿಂದ ಹಿಂದಿನದಕ್ಕಿಂತ ಎರಡು ಹೆಚ್ಚು. ಸಾವಿರ ಸಾಲಿನವರೆಗೆ ಬೀಜವಿಟ್ಟು ನೋಡಬೇಕಾದ ಅವಶ್ಯವಿಲ್ಲ. ಬಾಗಿಲ ಮುಂದೆ ಚುಕ್ಕೆಯಿಟ್ಟು ರಂಗೋಲಿ ಹಾಕುವ ಹೆಣ್ಣುಮಗಳು ಈ ಗಣಿತದ ಅಂಗಳದಲ್ಲಿಯೇ ದಿನವೂ ಕೈಯಾಡಿಸುತ್ತಾಳೆ.

ಗ್ರೀಕ್ ಗಣಿತಜ್ಞರು ‘ಡಿಯಾಗ್ರಮ್ಮ’ ಎಂಬ ಮಾತನ್ನು ಆಕೃತಿಗೂ, ಆ ಆಕೃತಿಯಿಂದ ಸಿದ್ಧವಾಗುವ ಪ್ರಮೇಯಕ್ಕೂ ಬಳಸುತ್ತಿದ್ದುದು ಏಕೆಂಬುದು ಇದರಿಂದ ತಿಳಿಯುತ್ತದೆ. ಅವರಿಗೆ ಆಕೃತಿಯು ವಾದಕ್ಕೆ ಹಚ್ಚಿದ ಅಲಂಕಾರವಲ್ಲ, ಅದೇ ವಾದ. ನಮ್ಮ ಪ್ರಾಚೀನರು ಇಂತಹ ಆಕೃತಿಗೆ ಇಟ್ಟ ಹೆಸರು ‘ಕ್ಷೇತ್ರ’, ಎಂದರೆ ಹೊಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಣಿತಕ್ಕೆ ಒಂದು ಭಾಗ ಮೀಸಲಾಗಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತವನ್ನು ಬರೆದವನು. ‘ಕ್ಷೇತ್ರಗಣಿತ’ವೆಂಬ ಹೆಸರಿನ ಗ್ರಂಥವೂ ಅವನದುಂಟು. ಹೊಲವನ್ನು ಅಳೆದ ಕೈಯೇ ತ್ರಿಕೋಣವನ್ನೂ ಚೌಕವನ್ನೂ ಬರೆಯಿತೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಹೊಲದ ಮಾತು ಬಂದುದರಿಂದ, ನಮ್ಮ ರೈತರೆಲ್ಲರೂ ಬಲ್ಲ ಒಂದು ಉದಾಹರಣೆಯನ್ನು ಇಲ್ಲಿಯೇ ಹೇಳಿಬಿಡೋಣ. ಕ್ರಯಪತ್ರದಲ್ಲಿ ಜಮೀನಿನ ಚಕ್ಕುಬಂದಿಯನ್ನು ಬರೆಯುವ ಪದ್ಧತಿಯಿದೆ. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಹುಣಿಸೆಮರ, ದಕ್ಷಿಣಕ್ಕೆ ಗಾಡಿದಾರಿ ಎಂದು ನಾಲ್ಕು ದಿಕ್ಕಿನ ಎಲ್ಲೆಯನ್ನು ಮಾತಿನಲ್ಲಿ ಹೇಳುತ್ತಾರೆ. ಬರೆದ ಕಾಲಕ್ಕೆ ಅದು ಸ್ಪಷ್ಟವಾಗಿಯೇ ಇರುತ್ತದೆ. ಮೂವತ್ತು ವರ್ಷ ಕಳೆಯಲಿ. ಗದ್ದೆ ಬೇರೆಯವರ ಪಾಲಾಗಿದೆ, ಹಳ್ಳ ದಿಕ್ಕು ಬದಲಿಸಿದೆ, ಹುಣಿಸೆಮರ ಗಾಳಿಗೆ ಬಿದ್ದಿದೆ, ಗಾಡಿದಾರಿಯನ್ನು ಯಾರೋ ಉತ್ತುಬಿಟ್ಟಿದ್ದಾರೆ. ಮಾತು ಹಾಗೆಯೇ ಉಳಿದಿದೆ, ಮಾತು ತೋರಿಸಿದ ವಸ್ತುಗಳು ಮಾತ್ರ ಒಂದೂ ಇಲ್ಲ. ಆಗ ಅಣ್ಣತಮ್ಮಂದಿರು ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಸರ್ವೆಯವರು ಅಳೆದು, ಕಲ್ಲಿನಿಂದ ಕಲ್ಲಿಗೆ ಇಷ್ಟು ದೂರವೆಂದು ಬರೆದ ನಕ್ಷೆ ಇದ್ದರೆ ಹದ್ದುಬಸ್ತು ಮಾಡುವುದು ಸಾಧ್ಯ. ಒಂದು ಕಲ್ಲು ಕಿತ್ತುಹೋಗಿದ್ದರೂ ಮಿಕ್ಕ ಕಲ್ಲುಗಳಿಂದ ಅದರ ಸ್ಥಾನವನ್ನು ಕಂಡುಹಿಡಿಯಬಹುದು. ಭಾಗಗಳ ಪರಸ್ಪರ ಸಂಬಂಧವನ್ನು ಹಿಡಿದಿಟ್ಟ ಕಾರಣ, ಒಂದು ಭಾಗ ಕಳೆದರೂ ನಕ್ಷೆ ಸಾಯುವುದಿಲ್ಲ. ಡಯಾಗ್ರಮ್ಮಿನ ಮೊದಲನೆಯ ಉಪಯೋಗ ಇದು.

ಎರಡನೆಯದು ದಾರಿ ತೋರಿಸುವುದು. ಲಂಡನ್ನಿನ ನೆಲದಡಿಯ ರೈಲುಗಳ ಪಟವನ್ನು ಮೊದಲು ಊರಿನ ನಿಜವಾದ ಭೂಪಟದ ಮೇಲೆಯೇ ಬರೆಯುತ್ತಿದ್ದರು. ಊರ ನಡುವೆ ನಿಲ್ದಾಣಗಳು ಇರುವೆಗಳಂತೆ ಮುತ್ತಿ, ಹೆಸರು ಓದುವುದೇ ಕಷ್ಟವಾಗುತ್ತಿತ್ತು. ಹ್ಯಾರಿ ಬೆಕ್ ಎಂಬ ನಕ್ಷೆಗಾರನು ೧೯೩೧ರಲ್ಲಿ ಬೇರೊಂದು ಬಗೆಯಲ್ಲಿ ಅದನ್ನು ಬರೆದನು. ನೆಲದಡಿಯಲ್ಲಿ ಹೋಗುವವನಿಗೆ ಮೇಲಣ ಬೀದಿಯ ತಿರುವುಗಳಿಂದ ಪ್ರಯೋಜನವೇನು? ಯಾವ ನಿಲ್ದಾಣದ ಮುಂದೆ ಯಾವುದು, ಎಲ್ಲಿ ಗಾಡಿ ಬದಲಿಸಬೇಕು, ಇಷ್ಟು ತಿಳಿದರೆ ಸಾಕು. ಹೀಗೆಂದು ಯೋಚಿಸಿ ಆತ ಎಲ್ಲ ದಾರಿಗಳನ್ನೂ ಅಡ್ಡಗೆರೆ, ಉದ್ದಗೆರೆ, ಓರೆಗೆರೆಗಳಿಗೆ ಇಳಿಸಿ, ನಿಜವಾದ ದೂರವನ್ನು ಕೈಬಿಟ್ಟನು. ಮೊದಲು ಅಧಿಕಾರಿಗಳು ಒಪ್ಪಲಿಲ್ಲ. ೧೯೩೩ರಲ್ಲಿ ಪ್ರಯೋಗಕ್ಕೆಂದು ಅಚ್ಚುಹಾಕಿದಾಗ ಜನ ಅದನ್ನು ಒಡನೆಯೇ ಮೆಚ್ಚಿದರು. ೨೦೧೧ರಲ್ಲಿ ಸಂಚಾರ ಆರಂಭಿಸಿದ ಬೆಂಗಳೂರಿನ ನಮ್ಮ ಮೆಟ್ರೋ ಗಾಡಿಯೊಳಗೆ ಬಾಗಿಲ ಮೇಲೆ ಕಾಣುವ ಪಟವೂ ಇದೇ ಕುಲದ್ದು. ಬಿಡುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಮೂರನೆಯದು ಲೆಕ್ಕವನ್ನು ಕಣ್ಣಿಗೆ ಕಾಣಿಸುವುದು. ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ೧೭೮೬ರಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ಏರಿಳಿಯುವ ಗೆರೆಗಳಿಂದ ತೋರಿಸಿದನು. ೧೮೦೧ರಲ್ಲಿ ವೃತ್ತವನ್ನು ಹೋಳುಮಾಡಿ ಪಾಲುಗಳನ್ನು ತೋರಿಸುವ ಬಗೆಯನ್ನೂ ಬಳಕೆಗೆ ತಂದನು. ಆದರೆ ಲೆಕ್ಕದ ಚಿತ್ರವು ಮನುಷ್ಯರ ಪ್ರಾಣಕ್ಕೆ ಸಂಬಂಧಪಡುವುದೆಂಬುದನ್ನು ಜಗತ್ತಿಗೆ ತೋರಿಸಿದವರಲ್ಲಿ ಮುಖ್ಯಳಾದವಳು ಫ್ಲಾರೆನ್ಸ್ ನೈಟಿಂಗೇಲ್. ಆಕೆಯನ್ನು ಕೈಯಲ್ಲಿ ದೀಪ ಹಿಡಿದ ದಾದಿಯೆಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆಕೆಯ ಇನ್ನೊಂದು ಕೈಯಲ್ಲಿ ಅಂಕಿಗಳಿದ್ದುವೆಂಬುದನ್ನು ಬಹಳ ಜನ ಅರಿಯರು. ಕ್ರೈಮಿಯಾ ಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳು ಸತ್ತದ್ದು ಹೆಚ್ಚಾಗಿ ಗುಂಡಿನಿಂದಲ್ಲ, ರೋಗದಿಂದ. ೧೮೫೫ನೆಯ ಜನವರಿ ಒಂದು ತಿಂಗಳಿನಲ್ಲಿಯೇ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು ೨,೭೬೧ ಮಂದಿ. ಗಾಯಗಳಿಂದ ಸತ್ತವರು ೮೩ ಮಂದಿ. ಈ ಅಂಕಿಗಳು ದಫ್ತರದಲ್ಲಿ ಮಲಗಿದ್ದರೆ ಯಾರ ನಿದ್ರೆಗೂ ಭಂಗವಿಲ್ಲ. ಆಕೆ ೧೮೫೮ರಲ್ಲಿ ಅವನ್ನು ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳುಗಳಿರುವ ಹೂವಿನಂತೆ ಬರೆಯಿಸಿದಳು. ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಮಿಕ್ಕ ಕಾರಣಗಳಿಗೆ ಕಪ್ಪು. ಸಾವು ಎಷ್ಟೋ ಅಷ್ಟು ವಿಸ್ತಾರ. ಜನವರಿಯ ನೀಲಿಯ ಎಸಳು ಹಾಳೆಯ ಅಂಚಿನ ಕಡೆಗೆ ಚಾಚಿಕೊಂಡಿದ್ದರೆ, ಕೆಂಪು ನಡುವೆ ಸಣ್ಣ ಚೂರಾಗಿ ನಿಂತಿತ್ತು. ೧೮೫೫ರ ಮಾರ್ಚಿಯಲ್ಲಿ ನೈರ್ಮಲ್ಯದ ಆಯೋಗ ಬಂದು, ಆಸ್ಪತ್ರೆಯ ಚರಂಡಿಗಳನ್ನು ಶುದ್ಧಮಾಡಿಸಿದ ಮೇಲೆ, ತಿಂಗಳಿಂದ ತಿಂಗಳಿಗೆ ಎಸಳು ಕುಗ್ಗುತ್ತ ಬಂದುದೂ ಅಲ್ಲಿ ಕಾಣುತ್ತಿತ್ತು. ಅಂಕಿಗಳನ್ನು ಓದಲು ಪುರಸತ್ತಿಲ್ಲದ ಮಂತ್ರಿಗಳೂ ಹೂವನ್ನು ನೋಡದೆ ಇರಲಾರರಷ್ಟೆ. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. ಮುಂದೆ ಹಿಂದೂಸ್ಥಾನದ ಸೈನ್ಯದ ಆರೋಗ್ಯದ ಮೇಲೆ ೧೮೬೩ರಲ್ಲಿ ಹೊರಟ ವರದಿಯ ಕೆಲಸದಲ್ಲಿಯೂ ಆಕೆ ಬಹಳ ದುಡಿದಳು.

ನಾಲ್ಕನೆಯ ಉಪಯೋಗ, ಕಾರಣವನ್ನು ಮನಗಾಣಿಸುವುದು. ೧೮೫೪ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಎಂಬ ಕೇರಿಯಲ್ಲಿ ವಾಂತಿಭೇದಿ ಹೊತ್ತಿಕೊಂಡಿತು. ಹತ್ತು ದಿನಗಳಲ್ಲಿ ಐನೂರಕ್ಕೆ ಮೇಲ್ಪಟ್ಟು ಜನ ಮಡಿದರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂಬುದು ಆಗಿನ ಪಂಡಿತರ ಮತ. ಜಾನ್ ಸ್ನೋ ಎಂಬ ವೈದ್ಯನಿಗಾದರೋ ನೀರಿನ ಮೇಲೆ ಸಂಶಯ. ಆತ ಮನೆಮನೆಗೆ ಹೋಗಿ ವಿಚಾರಿಸಿದನು. ಬ್ರಾಡ್ ಸ್ಟ್ರೀಟಿನ ಕೈಪಂಪಿನ ಸುತ್ತ ಸಾವುಗಳು ಗುಂಪುಗೂಡಿದ್ದುವು. ಹತ್ತಿರದಲ್ಲಿಯೇ ಇದ್ದ ಬಡವರ ದುಡಿಮೆಮನೆಯಲ್ಲಿ ೫೩೫ ಮಂದಿ ಇದ್ದರೂ ಸತ್ತವರು ಐವರು. ಅವರಿಗೆ ಬೇರೆ ಬಾವಿಯಿತ್ತು. ಅದೇ ಬೀದಿಯ ಬಿಯರು ತಯಾರಿಸುವ ಕಾರ್ಖಾನೆಯ ಸುಮಾರು ಎಪ್ಪತ್ತು ಕೆಲಸಗಾರರಲ್ಲಿ ಒಬ್ಬನೂ ಸಾಯಲಿಲ್ಲ. ಅವರು ಆ ಪಂಪಿನ ನೀರನ್ನೇ ಮುಟ್ಟುತ್ತಿರಲಿಲ್ಲ. ಸೆಪ್ಟೆಂಬರು ೮ರಂದು ಪಂಪಿನ ಹಿಡಿಯನ್ನು ಕಳಚಿದರು.

ಈ ಕಥೆಯನ್ನು ಹೇಳುವವರು, ‘ಸ್ನೋ ಭೂಪಟವನ್ನು ಬರೆದನು, ರೋಗದ ಮೂಲವನ್ನು ಕಂಡನು, ಊರನ್ನು ಉಳಿಸಿದನು’ ಎಂದು ಮುಗಿಸುವುದುಂಟು. ನಡೆದದ್ದು ಹಾಗಲ್ಲ. ಹಿಡಿಯನ್ನು ಕಳಚುವ ಹೊತ್ತಿಗೆ ಜನ ಕೇರಿಯನ್ನು ಬಿಟ್ಟು ಓಡಿದ್ದರಿಂದ ರೋಗ ಆಗಲೇ ಇಳಿಮುಖವಾಗಿತ್ತು. ಒಂದೊಂದು ಸಾವಿಗೆ ಒಂದೊಂದು ಕಪ್ಪು ಗೀಟಿನಂತೆ ಮನೆಗಳ ಮುಂದೆ ಗೀಟುಗಳನ್ನು ಪೇರಿಸಿದ ಆ ಪ್ರಸಿದ್ಧ ಪಟ ಪ್ರಕಟವಾದುದು ಅನಂತರ. ಸ್ನೋವಿಗೆ ಸತ್ಯವನ್ನು ತಿಳಿಸಿದ್ದು ಅವನ ಕಾಲು. ಮನೆಮನೆಯ ಬಾಗಿಲು ತಟ್ಟಿದ ಶ್ರಮ. ಆ ಸತ್ಯವನ್ನು ಇತರರಿಗೆ ತಿಳಿಸಿದ್ದು ಪಟ. ಇದರಿಂದ ಪಟದ ಬೆಲೆ ಕಡಮೆಯಾಗುವುದಿಲ್ಲ. ಅದರ ಸರಿಯಾದ ಸ್ಥಾನ ತಿಳಿಯುತ್ತದೆ. ಡಯಾಗ್ರಂ ವಿಚಾರದ ಬದಲಿಗೆ ಬರತಕ್ಕದ್ದಲ್ಲ, ವಿಚಾರ ಮಾಗಿದ ಮೇಲೆ ಬರತಕ್ಕದ್ದು.

ಇನ್ನೊಂದು ಉಪಯೋಗವನ್ನು ಹೇಳುವಾಗ ನಮ್ಮ ಧ್ವನಿ ತಾನಾಗಿ ತಗ್ಗುತ್ತದೆ. ೧೭೮೮ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಎಂಬ ಊರಿನಲ್ಲಿ ಗುಲಾಮರ ವ್ಯಾಪಾರವನ್ನು ವಿರೋಧಿಸುತ್ತಿದ್ದವರು ಒಂದು ಹಾಳೆಯನ್ನು ಅಚ್ಚುಹಾಕಿಸಿದರು. ‘ಬ್ರೂಕ್ಸ್’ ಎಂಬ ಹಡಗನ್ನು ಮೇಲಿನಿಂದ ನೋಡಿದರೆ ಕಾಣುವ ನಕ್ಷೆ ಅದು. ಕಾನೂನಿನ ಮಿತಿಯೊಳಗೆ ಆಫ್ರಿಕದವರನ್ನು ಆ ಹಡಗಿನಲ್ಲಿ ಮಲಗಿಸಿದರೆ ಹೇಗಿರುತ್ತದೆಂಬುದನ್ನು ಅಳತೆಗೆ ಸರಿಯಾಗಿ, ಒಬ್ಬೊಬ್ಬರನ್ನೂ ಒಂದೊಂದು ಸಣ್ಣ ಆಕೃತಿಯಾಗಿ ಬರೆದಿದ್ದರು. ಪೆಟ್ಟಿಗೆಯಲ್ಲಿ ಕಡ್ಡಿ ಜೋಡಿಸಿದಂತೆ ಮನುಷ್ಯರು. ಅದರಲ್ಲಿ ಕಣ್ಣೀರಿಲ್ಲ, ಚಾವಟಿಯಿಲ್ಲ, ಕೂಗಿಲ್ಲ. ಹಡಗು ಕಟ್ಟುವವನು ಬರೆಯುವ ಒಣ ನಕ್ಷೆಯಷ್ಟೆ. ಕಾನೂನು ಬರುವುದಕ್ಕೆ ಮುಂಚೆ ಅದೇ ಹಡಗು ಆರುನೂರಕ್ಕಿಂತ ಹೆಚ್ಚು ಜನರನ್ನು ತುಂಬಿಕೊಂಡು ಹೋಗಿತ್ತೆಂಬುದು ತಿಳಿದಾಗ, ನೋಡಿದವರಿಗೆ ಮಾತೇ ಹೊರಡಲಿಲ್ಲ. ಬ್ರಿಟನ್ ಆ ವ್ಯಾಪಾರವನ್ನು ಕಾನೂನಿನಿಂದ ನಿಷೇಧಿಸಿದ್ದು ೧೮೦೭ರಲ್ಲಿ. ಅದಕ್ಕೆ ಕಾರಣಗಳು ಹಲವು, ದುಡಿದವರು ಹಲವರು. ಆದರೆ ಆ ಹಾಳೆ ಮನೆಮನೆಯ ಗೋಡೆಯ ಮೇಲೆ ಇದ್ದುದೂ ಕಾರಣಗಳಲ್ಲಿ ಒಂದು. ಅಲಂಕಾರವಿಲ್ಲದ ಗೆರೆ ಕೆಲವು ವೇಳೆ ಕಾವ್ಯಕ್ಕಿಂತ ಹೆಚ್ಚಾಗಿ ಮನಸ್ಸನ್ನು ನೋಯಿಸಬಲ್ಲದು.

ಇಷ್ಟು ಶಕ್ತಿಯಿರುವ ಸಾಧನದಿಂದ ಕೇಡು ಆಗದೆ ಇರುತ್ತದೆಯೆ? ಡಯಾಗ್ರಂ ಸುಳ್ಳು ಹೇಳುವುದು ಎರಡು ಬಗೆಯಲ್ಲಿ. ಒಂದು, ಅಳತೆಯನ್ನು ಕೆಡಿಸುವುದು. ಆದಾಯ ಎರಡರಷ್ಟಾಯಿತೆಂದು ತೋರಿಸಲು ಹಣದ ಚೀಲದ ಎತ್ತರವನ್ನೂ ಅಗಲವನ್ನೂ ಎರಡರಷ್ಟು ಮಾಡಿ ಬರೆಯುತ್ತಾರೆ. ಕಣ್ಣಿಗೆ ಚೀಲ ನಾಲ್ಕರಷ್ಟಾಗಿ ಕಾಣುತ್ತದೆ. ನೂರರಿಂದ ನೂರಾ ಐದಕ್ಕೆ ಏರಿದ್ದನ್ನು ತೋರಿಸುವಾಗ ಗೆರೆಯನ್ನು ಸೊನ್ನೆಯಿಂದ ಆರಂಭಿಸದೆ ತೊಂಬತ್ತೊಂಬತ್ತರಿಂದ ಆರಂಭಿಸಿದರೆ, ಗುಡ್ಡವೇ ಎದ್ದುನಿಂತಂತೆ ತೋರುತ್ತದೆ. ಪತ್ರಿಕೆಗಳಲ್ಲಿಯೂ ಜಾಹಿರಾತುಗಳಲ್ಲಿಯೂ ಇದು ಕಾಣದ ದಿನವಿಲ್ಲ.

ಎರಡನೆಯದು ಇನ್ನೂ ಅಪಾಯಕರ. ಏಕೆಂದರೆ ಅದರಲ್ಲಿ ಕೆಟ್ಟ ಉದ್ದೇಶ ಇರಬೇಕೆಂಬುದೇ ಇಲ್ಲ. ಅದು ಬಿಡಬಾರದ್ದನ್ನು ಬಿಡುವುದು. ೧೯೮೬ನೆಯ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಎಂಬ ಗಗನನೌಕೆ ಮೇಲೆದ್ದ ಎಪ್ಪತ್ತಮೂರು ಸೆಕೆಂಡುಗಳಲ್ಲಿ ಒಡೆದು, ಅದರಲ್ಲಿದ್ದ ಏಳು ಜನ ಮೃತರಾದರು. ರಾಕೆಟ್ಟಿನ ಸಂದುಗಳನ್ನು ಮುಚ್ಚುವ ರಬ್ಬರಿನ ಬಳೆಗಳು ಚಳಿಯಲ್ಲಿ ಬಿಗುವಾಗಿ ಕೆಲಸಮಾಡದೆ ಹೋದದ್ದು ಕಾರಣ. ಹಿಂದಿನ ರಾತ್ರಿ ರಾಕೆಟ್ಟನ್ನು ಕಟ್ಟಿದ ಎಂಜಿನಿಯರುಗಳು ಇದೇ ಭಯದಿಂದ ಹಾರಾಟವನ್ನು ಮುಂದಕ್ಕೆ ಹಾಕಬೇಕೆಂದು ಕೇಳಿಕೊಂಡಿದ್ದರು. ಹಲವು ಹಾಳೆಗಳನ್ನೂ ಕಳುಹಿಸಿದ್ದರು. ಆದರೆ ಅಂದಿನ ಚರ್ಚೆಯಲ್ಲಿ ಗಮನಕ್ಕೆ ಬಂದದ್ದು ಬಳೆಗಳಿಗೆ ಕೇಡು ತಟ್ಟಿದ ಹಾರಾಟಗಳು ಮಾತ್ರ. ಅವುಗಳಲ್ಲಿ ಕೆಲವು ಚಳಿಯಲ್ಲಿ ನಡೆದುವು, ಕೆಲವು ಬಿಸಿಲಿನಲ್ಲಿ. ಆದುದರಿಂದ ಚಳಿಗೂ ಕೇಡಿಗೂ ಸಂಬಂಧ ತೋರಲಿಲ್ಲ. ಕೇಡಿಲ್ಲದೆ ಹಾರಿಬಂದ ಸಾರಿಗಳನ್ನೂ ಸೇರಿಸಿ ಲೆಕ್ಕ ನೋಡಿದವರು ಆ ಮೇಲೆ ನೇಮಕವಾದ ವಿಚಾರಣಾ ಆಯೋಗದವರು. ಬಳೆಗಳ ಉಷ್ಣತೆ ೬೬ ಡಿಗ್ರಿ ಫ್ಯಾರನ್‌ಹೀಟಿಗೆ ಕಡಮೆಯಿಲ್ಲದ ಇಪ್ಪತ್ತು ಹಾರಾಟಗಳಲ್ಲಿ ಕೇಡು ಕಂಡದ್ದು ಮೂರು ಸಾರಿ. ೬೩ ಡಿಗ್ರಿಯನ್ನು ಮೀರದ ನಾಲ್ಕು ಹಾರಾಟಗಳಲ್ಲಿ ನಾಲ್ಕು ಸಾರಿಯೂ ಕೇಡು. ಅಲ್ಲಿಯವರೆಗಿನ ಹಾರಾಟಗಳಲ್ಲಿ ಅತ್ಯಂತ ತಣ್ಣನೆಯದು ೫೩ ಡಿಗ್ರಿ. ಚಾಲೆಂಜರ್ ಹೊರಟ ಬೆಳಗ್ಗೆ ಹವೆ ೩೬ ಡಿಗ್ರಿ ಮಾತ್ರ ಇತ್ತು.

ಅಡ್ಡಗೆರೆಯ ಮೇಲೆ ಚಳಿಯನ್ನೂ ಉದ್ದಗೆರೆಯ ಮೇಲೆ ಕೇಡನ್ನೂ ಇಟ್ಟು, ಇಪ್ಪತ್ತನಾಲ್ಕು ಚುಕ್ಕೆಗಳನ್ನು ಹಾಕಿದ್ದರೆ ಶಾಲೆಯ ಹುಡುಗನಿಗೂ ಅದು ಕಾಣುತ್ತಿತ್ತು. ಕಂಡಮಾತ್ರಕ್ಕೆ ಹಾರಾಟ ನಿಲ್ಲುತ್ತಿತ್ತೆಂದು ಖಂಡಿತವಾಗಿ ಹೇಳಲಾರೆವು. ಆ ರಾತ್ರಿ ಅಧಿಕಾರಿಗಳ ಮೇಲೆ ಬೇರೆ ಒತ್ತಾಯಗಳೂ ಇದ್ದುವು. ಆದರೆ ಕಾಣಬೇಕಾದದ್ದು ಕಾಣಲಿಲ್ಲವೆಂಬುದು ನಿಜ. ಕೇಡು ಆಗದ ದಿನಗಳು ‘ವಿಶೇಷವೇನೂ ಇಲ್ಲದ ದಿನಗಳು’ ಎಂದು ತೋರುತ್ತವೆ. ಅವೇ ಸಾಕ್ಷಿಗಳಾಗಿರಬಹುದು. ಬಿಡುವ ವಿದ್ಯೆಯನ್ನು ನಾವು ಹೊಗಳಿದೆವಷ್ಟೆ. ಏನನ್ನು ಬಿಡಬಾರದೆಂಬ ವಿವೇಕವಿಲ್ಲದಿದ್ದರೆ ಆ ವಿದ್ಯೆ ಕುರುಡು.

ಹೀಗಿರುವಾಗ ಈ ವಸ್ತುವನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ‘ರೇಖಾಚಿತ್ರ’ ಎಂದರೆ ಗೆರೆಯಲ್ಲಿ ಬರೆದ ಭಾವಚಿತ್ರವೂ ಆಗಬಹುದು, ಒಬ್ಬ ವ್ಯಕ್ತಿಯನ್ನು ಮಾತಿನಲ್ಲಿ ಕಡೆದಿಟ್ಟ ಬರಹವೂ ಆಗಬಹುದು. ‘ನಕ್ಷೆ’ ಹೊಲಕ್ಕೂ ಮನೆಗೂ ಸಲ್ಲುತ್ತದೆ. ಹೃದಯಕ್ಕೆ ನಕ್ಷೆಯೆಂದರೆ ಕಿವಿ ಒಪ್ಪದು. ‘ಆಕೃತಿ’ ಗಣಿತಕ್ಕೆ ಸರಿ. ಪಠ್ಯಪುಸ್ತಕಗಳು ಸುಮ್ಮನೆ ‘ಚಿತ್ರ’ವೆಂದುಬಿಡುತ್ತವೆ. ಅದರಿಂದಲೇ ಹುಡುಗರು ಹೃದಯಕ್ಕೆ ನೆರಳು ಬಳಿದು ಅಂದಗೊಳಿಸುವುದರಲ್ಲಿ ಕಾಲ ಕಳೆದು, ಕವಾಟ ಯಾವ ಕಡೆಗೆ ತೆರೆಯುತ್ತದೆಂಬುದನ್ನು ಮರೆಯುತ್ತಾರೆ. ೧೯೩೫ರಲ್ಲಿ ಮೈಸೂರಿನಲ್ಲಿ ಆರಂಭವಾದ ಬಾನುಲಿ ನಿಲಯ ‘ಆಕಾಶವಾಣಿ’ ಎಂಬ ಸೊಗಸಾದ ಹೆಸರನ್ನು ಪಡೆಯಿತು. ಮುಂದೆ ದೇಶಕ್ಕೆಲ್ಲ ಅದೇ ಹೆಸರಾಯಿತು. ಅಂತಹ ಅದೃಷ್ಟ ಎಲ್ಲ ಮಾತುಗಳಿಗೂ ಇರುವುದಿಲ್ಲ. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಬರಹದಲ್ಲಿ ‘ವಿವರಣಚಿತ್ರ’ವೆನ್ನಬಹುದು, ಮಾತಿನಲ್ಲಿ ರೈಲು, ಟಿಕೆಟ್ಟುಗಳಂತೆ ಡಯಾಗ್ರಮ್ಮೂ ನಮ್ಮದಾಗಿ ಉಳಿಯಲಿ. ಹೆಸರಿಗಿಂತ ಭಾವ ಮುಖ್ಯ. ವಿವರಿಸದ ಚಿತ್ರಕ್ಕೆ ಆ ಹೆಸರನ್ನು ಕೊಡದಿದ್ದರೆ ಸಾಕು.

ಕೊನೆಯದಾಗಿ, ಬರೆಯುವವರಿಗೂ ಓದುವವರಿಗೂ ಒಂದೆರಡು ಮಾತು. ಈಗ ಯಂತ್ರದ ಸಹಾಯದಿಂದ ಕ್ಷಣಮಾತ್ರದಲ್ಲಿ ಬಣ್ಣಬಣ್ಣದ ವೃತ್ತಗಳೂ ಕಂಬಗಳೂ ಸಿದ್ಧವಾಗುತ್ತವೆ. ಅರ್ಥವಿಲ್ಲದೆ ಅವುಗಳನ್ನು ತುಂಬುವುದು ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ. ಬರೆಯುವುದಕ್ಕೆ ಮೊದಲು, ‘ಇದು ಯಾವ ಪ್ರಶ್ನೆಗೆ ಉತ್ತರ?’ ಎಂದು ಕೇಳಿಕೊಳ್ಳಬೇಕು. ಓದುವವರು, ‘ಅಳತೆ ಎಲ್ಲಿಂದ ಆರಂಭವಾಗಿದೆ? ಬಣ್ಣಕ್ಕೆ ಏನರ್ಥ? ಇಲ್ಲಿ ಕಾಣದಿರುವುದು ಏನು?’ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೂರನೆಯದನ್ನು ಎಂದಿಗೂ ಮರೆಯಬಾರದು.

ಅಕ್ಷರ ಬಾರದ ಮುದುಕಿಯೊಬ್ಬಳು ಔಷಧದ ಅಂಗಡಿಯಿಂದ ಮಾತ್ರೆಯ ಲಕೋಟೆಗಳನ್ನು ಹಿಡಿದು ಬರುವುದನ್ನು ನಾವು ನೋಡಿದ್ದೇವೆ. ಅಂಗಡಿಯವನು ಒಂದರ ಮೇಲೆ ಸೂರ್ಯನನ್ನೂ ಇನ್ನೊಂದರ ಮೇಲೆ ಚಂದ್ರನನ್ನೂ ಬರೆದುಕೊಟ್ಟಿದ್ದನು. ಸೂರ್ಯನ ಪಕ್ಕದಲ್ಲಿ ಒಂದು ಗೀಟು, ಚಂದ್ರನ ಪಕ್ಕದಲ್ಲಿ ಎರಡು ಗೀಟು. ಬೆಳಗ್ಗೆ ಒಂದು, ರಾತ್ರಿ ಎರಡು. ಆತ ಸೂರ್ಯನಿಗೆ ಕಿರಣಗಳನ್ನೂ ಸರಿಯಾಗಿ ಎಳೆದಿರಲಿಲ್ಲ. ಆದರೆ ಆ ಗೀಟುಗಳನ್ನು ಎಳೆಯುವಾಗ ಎಣಿಸಿ ಎಳೆದಿದ್ದನು. ಅದಲುಬದಲಾದರೆ ಆಕೆಯ ಜೀವಕ್ಕೆ ಬರುತ್ತದೆಂಬುದನ್ನು ಬಲ್ಲವನಾಗಿದ್ದನು. ಡಯಾಗ್ರಂ ಎಂಬ ಮಾತಿನ ಅರ್ಥವೂ ಉಪಯೋಗವೂ ಆ ಲಕೋಟೆಯ ಮೇಲೆ ಇವೆ. ಬರೆದವನ ಎಚ್ಚರದಲ್ಲಿ ಓದುವವನ ಕ್ಷೇಮವಿದೆಯೆಂಬುದನ್ನು ನೆನಪಿಗೆ ತಂದುಕೊಟ್ಟು ನಾವು ವಿರಮಿಸುತ್ತೇವೆ.